ಕಿಟಕಿ ‘ಎಂಥಾ ಗಾಳಿಗೂ ತಡೀತದೆ’ ಅಂತಾರೆ, ಎಷ್ಟು ಗಾಳಿಗೆ? ಭಟ್ಕಳ, ಹೊನ್ನಾವರ, ಕುಮಟಾದವರು ಕೇಳಬೇಕಾದ ಒಂದು ಅಂಕಿ

ಮೇ ತಿಂಗಳು ಬಂತು ಅಂದ್ರೆ ಕರಾವಳಿಯ ಮೂರೂ ತಾಲೂಕುಗಳಲ್ಲಿ ಮನೆ ಕೆಲಸದ ಗಡಿಬಿಡಿ. ಒಡೆದ ಹಂಚು ಬದಲಿಸಬೇಕು, ಅಂಗಳಕ್ಕೆ ಶೀಟ್ ಹಾಕಬೇಕು, ಹೊಸ ಮನೆಗೆ ಕಿಟಕಿ ಕೂರಿಸಬೇಕು. ಹಿಂದೆ ಹಲಸು, ಮತ್ತಿ ಮರದ ಸಣ್ಣ ಕಿಟಕಿ, ಒಳಗಿಂದ ಅಗಳಿ. ಈಗ ಗೋಡೆಯ ಅರ್ಧದಷ್ಟು ಗಾಜು, ಅಲ್ಯೂಮಿನಿಯಂ ಇಲ್ಲವೇ ಯುಪಿವಿಸಿ ಸ್ಲೈಡಿಂಗ್. ಗಾಳಿಗೆ ತಡೀತದಾ ಅಂತ ಕೇಳಿದರೆ “ಎಂಥಾ ಗಾಳಿಗೂ ಏನೂ ಆಗೋದಿಲ್ಲ” ಅನ್ನೋ ಉತ್ತರ. ಆ ‘ಎಂಥಾ ಗಾಳಿ’ಗೆ ಒಂದು ಅಳತೆ ಇದೆ. ಅದನ್ನು ಕೇಳಿ ತಿಳಿದುಕೊಳ್ಳದೆ ದುಡ್ಡು ಕೊಡುವವರೇ ಜಾಸ್ತಿ.

ಚಂಡಮಾರುತ ನಮ್ಮ ಊರಿಗೇ ಬಂದು ಅಪ್ಪಳಿಸಬೇಕು ಅಂತೇನಿಲ್ಲ. 2021ರ ಮೇ ತಿಂಗಳಲ್ಲಿ ಬಂದ ತೌಕ್ತೆ ಕರ್ನಾಟಕದಲ್ಲಿ ನೆಲ ಮುಟ್ಟಲೇ ಇಲ್ಲ. ಸಮುದ್ರದಲ್ಲೇ ಉತ್ತರಕ್ಕೆ ಹೋಗಿ, ಮೇ 17ರ ರಾತ್ರಿ ಗುಜರಾತ್ ತೀರಕ್ಕೆ ಬಡಿಯಿತು. ಆದರೂ ಹಾದು ಹೋಗುವಾಗಲೇ ನಮ್ಮ ದಂಡೆಯ ಮನೆ, ದೋಣಿ, ವಿದ್ಯುತ್ ಕಂಬಗಳಿಗೆ ಹಾನಿ ಮಾಡಿತು.

ನಮ್ಮ ಊರಿನ ಗಾಳಿ ಲೆಕ್ಕ: 39

ಕಟ್ಟಡಗಳ ಮೇಲೆ ಬೀಳುವ ಗಾಳಿಯ ಹೊರೆಗೆ ನಮ್ಮ ದೇಶದಲ್ಲಿ ಐಎಸ್ 875, ಭಾಗ 3 ಎಂಬ ಮಾನದಂಡವಿದೆ. ಇದು 2015ರಲ್ಲಿ ಪರಿಷ್ಕರಣೆಯಾಯಿತು. ಇದರ ನಕ್ಷೆ ದೇಶವನ್ನು ಸೆಕೆಂಡಿಗೆ 33 ಮೀಟರ್‌ನಿಂದ 55 ಮೀಟರ್‌ವರೆಗಿನ ಆರು ವಲಯಗಳಾಗಿ ವಿಂಗಡಿಸುತ್ತದೆ. ದಕ್ಷಿಣದ ಮಂಗಳೂರಿಗೂ ಉತ್ತರದ ಪಣಜಿಗೂ 39. ನಡುವಿನ ನಮ್ಮ ಕರಾವಳಿಯೂ ಅದೇ ವಲಯ. ಬೆಂಗಳೂರಿಗೆ 33.

39 ಮೀಟರ್ ಅಂದ್ರೆ ಗಂಟೆಗೆ ಸುಮಾರು 140 ಕಿಲೋಮೀಟರ್. ಇದು ದಿನವೂ ಬೀಸುವ ಗಾಳಿಯಲ್ಲ. ಬಯಲಲ್ಲಿ, ನೆಲದಿಂದ 10 ಮೀಟರ್ ಎತ್ತರದಲ್ಲಿ, ಮೂರು ಸೆಕೆಂಡ್ ಬೀಸಿ ಹೋಗುವ ಬಿರುಸಿನ ವೇಗ. ಸರಾಸರಿ 50 ವರ್ಷಕ್ಕೊಮ್ಮೆ ಬರಬಹುದು ಅನ್ನೋದು ಲೆಕ್ಕಾಚಾರ. ಅದು ಬರುವ ವರ್ಷ ಈ ವರ್ಷವೂ ಆಗಬಹುದು.

ಕಿಟಕಿಗೆ ಗೊತ್ತಾಗೋದು ವೇಗವಲ್ಲ, ಒತ್ತಡ. ವೇಗವನ್ನು ಅದರಿಂದಲೇ ಗುಣಿಸಿ, ಮತ್ತೆ 0.6ರಿಂದ ಗುಣಿಸಿದರೆ ಒತ್ತಡ ಪ್ಯಾಸ್ಕಲ್‌ನಲ್ಲಿ ಸಿಗುತ್ತದೆ. 39ಕ್ಕೆ ಇದು ಸುಮಾರು 913 ಪ್ಯಾಸ್ಕಲ್. ನಾಲ್ಕಡಿ ಅಗಲ, ನಾಲ್ಕಡಿ ಎತ್ತರದ ಕಿಟಕಿಯ ಮೇಲೆ ಸುಮಾರು 138 ಕೆಜಿ ಭಾರ ಒರಗಿದ ಹಾಗೆ. ಬೆಂಗಳೂರಿನ 33ಕ್ಕೆ ಒತ್ತಡ 653 ಪ್ಯಾಸ್ಕಲ್ ಮಾತ್ರ. ವೇಗದಲ್ಲಿ ಬರೀ 6 ಮೀಟರ್ ವ್ಯತ್ಯಾಸ, ಒತ್ತಡದಲ್ಲಿ ಶೇ 40ರಷ್ಟು ಹೆಚ್ಚು. “ಬೆಂಗಳೂರಲ್ಲೂ ಇದೇ ಹಾಕ್ತಾರೆ” ಅನ್ನೋ ಮಾತು ನಮಗೆ ಪ್ರಯೋಜನಕ್ಕಿಲ್ಲ ಅನ್ನೋದು ಇದಕ್ಕೇ.

ಶ್ರೇಣಿ ಓದೋದು ಹೇಗೆ?

ದೊಡ್ಡ ಕಂಪನಿಗಳ ಕಿಟಕಿಯ ಪರೀಕ್ಷಾ ವರದಿಯಲ್ಲಿ ಹೆಚ್ಚಾಗಿ ಕಾಣುವುದು ಯುರೋಪಿನ ಇಎನ್ 12210 ಶ್ರೇಣಿ. ಶ್ರೇಣಿ 1 ಅಂದ್ರೆ 400 ಪ್ಯಾಸ್ಕಲ್, 2ಕ್ಕೆ 800, 3ಕ್ಕೆ 1200, 4ಕ್ಕೆ 1600, 5ಕ್ಕೆ 2000. ಅಂಕಿಯ ಜೊತೆ ಎ, ಬಿ, ಸಿ ಎಂಬ ಅಕ್ಷರವೂ ಇರುತ್ತದೆ. ಒತ್ತಡಕ್ಕೆ ಚೌಕಟ್ಟು ಎಷ್ಟು ಬಾಗುತ್ತದೆ ಅನ್ನೋದು ಅದರ ಅರ್ಥ. ಎ ಜಾಸ್ತಿ ಬಾಗುವುದು, ಸಿ ಕಡಿಮೆ. ‘ಸಿ3’ ಅಂದ್ರೆ 1200 ಪ್ಯಾಸ್ಕಲ್‌ಗೆ ಕಡಿಮೆ ಬಾಗುವ ಕಿಟಕಿ. ಅಮೆರಿಕದ ಪದ್ಧತಿಯ ವರದಿಯಾದರೆ ಒತ್ತಡ ಚದರಡಿಗೆ ಇಷ್ಟು ಪೌಂಡ್ ಅಂತ ಇರುತ್ತದೆ. ಅದನ್ನು 48ರಿಂದ ಗುಣಿಸಿದರೆ ಪ್ಯಾಸ್ಕಲ್ ಬಂತು.

ಯಾರಿಗೆ ಯಾವುದು ಬೇಕು? ಜಾಲಿ, ಮುರ್ಡೇಶ್ವರ, ಕಾಸರಕೋಡು, ಧಾರೇಶ್ವರ, ಗೋಕರ್ಣದ ದಂಡೆಯಲ್ಲಿ ಸಮುದ್ರಕ್ಕೆ ಮುಖ ಮಾಡಿದ ಮನೆಗೆ ಗಾಳಿ ಯಾವ ಅಡ್ಡಿಯೂ ಇಲ್ಲದೆ ಬಂದು ಬಡಿಯುತ್ತದೆ. ಅಲ್ಲಿ ಒತ್ತಡ ಸಾವಿರ ಪ್ಯಾಸ್ಕಲ್ ಆಸುಪಾಸು, ಹಾಗಾಗಿ ಶ್ರೇಣಿ 3ಕ್ಕಿಂತ ಕಡಿಮೆ ಬೇಡ. ಪೇಟೆ ಒಳಗೆ ಮನೆ, ಮರಗಳ ನಡುವೆ ಇರುವ ಒಂದಂತಸ್ತಿನ ಮನೆಗೆ ಇದು ಸುಮಾರು 750ಕ್ಕೆ ಇಳಿಯುತ್ತದೆ, ಶ್ರೇಣಿ 2 ಸಾಕಾಗಬಹುದು. ಗೋಡೆಯ ಮೂಲೆಗೆ ಹತ್ತಿರದ ಕಿಟಕಿ ಮತ್ತು ಮೇಲಿನ ಮಹಡಿಗಳಿಗೆ ಎಂಜಿನಿಯರ್ ಹತ್ತಿರ ಲೆಕ್ಕ ಹಾಕಿಸೋದೇ ಒಳ್ಳೇದು. ಮೂಲೆಯಲ್ಲಿ ಗಾಳಿ ಹೊರಗೆ ಎಳೆಯುವ ಜೋರು ಹೆಚ್ಚು.

ಇಲ್ಲೊಂದು ಎಚ್ಚರಿಕೆ. ಶ್ರೇಣಿ ಸಿಗೋದು ಪರೀಕ್ಷೆ ಮಾಡಿದ ಅಳತೆಯ ಕಿಟಕಿಗೆ. ನಾಲ್ಕಡಿ ಕಿಟಕಿಯ ವರದಿ ತೋರಿಸಿ ಎಂಟಡಿ ಕಿಟಕಿ ಮಾರಿದರೆ ಆ ಅಂಕಿಗೆ ಬೆಲೆ ಇಲ್ಲ.

ಹೋಗೋದು ಗಾಜು ಮಾತ್ರ ಅಲ್ಲ

“ಗಾಜು ಒಡೆದರೆ ಹೊಸದು ಹಾಕಿದರಾಯ್ತು” ಅನ್ನುವವರಿದ್ದಾರೆ. ಗಾಳಿಗೆ ಎದುರಾಗಿರುವ ಕಿಟಕಿ ಕಿತ್ತುಹೋದರೆ ಗಾಳಿ ಒಳಗೆ ನುಗ್ಗಿ ಮನೆಯನ್ನು ಬಲೂನಿನಂತೆ ಉಬ್ಬಿಸುತ್ತದೆ. ಹೊರಗೆ ಗಾಳಿ ಮಾಡನ್ನು ಮೇಲಕ್ಕೆ ಎಳೆಯುತ್ತಾ ಇರುತ್ತದೆ, ಒಳಗಿಂದ ಅದಕ್ಕೆ ತಳ್ಳುವ ಬಲವೂ ಸೇರುತ್ತದೆ. ಮುಚ್ಚಿದ ಮನೆಯ ಒಳ ಒತ್ತಡಕ್ಕೆ ಐಎಸ್ 875 ಇಡುವ ಗುಣಾಂಕ 0.2. ಗೋಡೆಯ ಐದನೇ ಒಂದಕ್ಕಿಂತ ಹೆಚ್ಚು ಭಾಗ ತೆರೆದುಕೊಂಡರೆ ಅದೇ 0.7, ಅಂದರೆ ಮೂರೂವರೆ ಪಟ್ಟು. ಹಂಚು ಅಥವಾ ಶೀಟಿನ ಮಾಡು ಹಾರಲು ಕಿಟಕಿ ಹೋದದ್ದೇ ಕಾರಣ ಆಗಬಹುದು. ಗಾಳಿ ಬಂದಾಗ ‘ಒತ್ತಡ ಹೊರಗೆ ಹೋಗಲಿ’ ಅಂತ ಕಿಟಕಿ ತೆರೆದಿಡುವುದೂ ತಪ್ಪು.

ಪರಿಹಾರದ ಮೇಲೆ ಭರವಸೆ ಇಡುವುದೂ ಕಷ್ಟ. 2022-26ರ ಅವಧಿಗೆ ಕೇಂದ್ರ ನಿಗದಿ ಮಾಡಿದ ವಿಪತ್ತು ಪರಿಹಾರ ಮಾನದಂಡದಲ್ಲಿ ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ. ಅದಕ್ಕೂ ಕನಿಷ್ಠ ಶೇ 15ರಷ್ಟು ಹಾನಿ ಆಗಿರಬೇಕು. ಒಂದೆರಡು ಕಿಟಕಿ ಹೋದರೆ ಆ ಲೆಕ್ಕಕ್ಕೆ ಬರೋದು ಕಷ್ಟ.

ಚಿರೆಕಲ್ಲು, ಉಪ್ಪು ಗಾಳಿ, ಶಟರ್

ಒಳ್ಳೆ ಕಿಟಕಿಯೂ ಗೋಡೆಗೆ ಸರಿಯಾಗಿ ಕೂರದಿದ್ದರೆ ಚೌಕಟ್ಟಿನ ಸಮೇತ ಬರುತ್ತದೆ. ನಮ್ಮ ಚಿರೆಕಲ್ಲು ಮೆದು, ಸಣ್ಣ ಸ್ಕ್ರೂ ಅದರಲ್ಲಿ ಹಿಡಿಯೋದಿಲ್ಲ. ಉದ್ದದ ಆ್ಯಂಕರ್ ಬೋಲ್ಟ್ ಬೇಕು. ಮೂಲೆಯಿಂದ ಅರ್ಧ ಅಡಿ ಆಸುಪಾಸಿಗೆ ಮೊದಲನೆಯದು, ಆಮೇಲೆ ಎರಡಡಿಗೊಂದು. ಫೋಮ್ ಮತ್ತು ಸಿಲಿಕಾನ್ ಸಂದು ಮುಚ್ಚೋಕೆ, ಕಿಟಕಿ ಹಿಡಿದು ನಿಲ್ಲಿಸೋಕೆ ಅಲ್ಲ. ಉಪ್ಪು ಗಾಳಿಗೆ ಸಾದಾ ಸ್ಕ್ರೂ ತುಕ್ಕು ಹಿಡಿಯುತ್ತದೆ. ದಂಡೆಯವರು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೇಳಲಿ. ಯುಪಿವಿಸಿ ಚೌಕಟ್ಟಿನ ಒಳಗೆ ಉಕ್ಕಿನ ಪಟ್ಟಿ ಇದೆಯಾ ಅಂತ ತುಂಡು ಮಾಡಿದ ಮಾದರಿಯಲ್ಲೇ ನೋಡಿಕೊಳ್ಳಿ.

ಸ್ಲೈಡಿಂಗ್‌ಗಿಂತ ಬಾಗಿಲಿನ ಹಾಗೆ ತೆರೆಯುವ ಕಿಟಕಿ ರಬ್ಬರ್ ಪಟ್ಟಿಗೆ ಬಿಗಿಯಾಗಿ ಒತ್ತಿ ಕೂರುತ್ತದೆ. ಗಾಳಿಗೂ ಇರಚಲು ಮಳೆಗೂ ಅದೇ ಮೇಲು.

ಅಂಗಡಿಯವರಿಗೆ ಚಿಂತೆ ಶಟರಿನದು. ಗಾಳಿ ಒತ್ತಿದಾಗ ಶಟರ್ ಹೊಟ್ಟೆ ಉಬ್ಬಿಸುತ್ತದೆ, ಪಟ್ಟಿಯ ತುದಿಗಳು ಪಕ್ಕದ ಚಾನೆಲ್‌ನಿಂದ ಜಾರುತ್ತವೆ. ಅಗಲ ಎರಡು ಪಟ್ಟಾದರೆ ಪಟ್ಟಿಯನ್ನು ಬಗ್ಗಿಸುವ ಬಲ ನಾಲ್ಕು ಪಟ್ಟು. ಅಗಲದ ಶಟರ್ ಇದ್ದರೆ ಮಳೆಗಾಲಕ್ಕೆ ನಡುವೆ ತೆಗೆದು ಹಾಕುವ ಕಂಬ ಮಾಡಿಸಿ, ಚಾನೆಲ್ ಆಳ ಹೆಚ್ಚಿಸಿ, ತುದಿಗೆ ಕ್ಲಿಪ್ ಹಾಕಿಸಿ. ಹೊಸ ಶಟರಿನ ಖರ್ಚಿಗೆ ಹೋಲಿಸಿದರೆ ಇದು ಕಡಿಮೆ.

ಅಂಗಡಿಯಲ್ಲಿ ಕೇಳಬೇಕಾದ್ದು

1. ಈ ಕಿಟಕಿ ಎಷ್ಟು ಪ್ಯಾಸ್ಕಲ್‌ಗೆ ಪರೀಕ್ಷೆಯಾಗಿದೆ? ವರದಿ ತೋರಿಸಿ.
2. ಪರೀಕ್ಷೆಯಾದ ಕಿಟಕಿಯ ಅಳತೆ ಎಷ್ಟು? ನನ್ನದು ಅದಕ್ಕಿಂತ ದೊಡ್ಡದಾ?
3. ಗಾಜು ಟಫನ್ಡ್ ಹೌದಾ? ಅದರ ಮೇಲೆ ಐಎಸ್ 2553ರ ಐಎಸ್‌ಐ ಗುರುತು ಇದೆಯಾ?
4. ಗೋಡೆಗೆ ಯಾವ ಬೋಲ್ಟ್, ಎಷ್ಟು? ಬಿಲ್ಲಿನಲ್ಲಿ ಬರೆದು ಕೊಡಿ.

ಸ್ಥಳೀಯ ಫ್ಯಾಬ್ರಿಕೇಟರ್ ಹತ್ತಿರ ಪರೀಕ್ಷಾ ವರದಿ ಇಲ್ಲದಿರಬಹುದು. ಅದರಿಂದ ಅವರ ಕೆಲಸ ಕಳಪೆ ಅಂತಾಗೋದಿಲ್ಲ. ಆದರೆ ಚೌಕಟ್ಟು ಪೂರೈಸುವ ಕಂಪನಿಯಿಂದ ವರದಿ ತರಿಸಿಕೊಡಲು ಅವರಿಗೆ ಸಾಧ್ಯ. ಗಿರಾಕಿ ಕೇಳದೇ ಇದ್ದರೆ ಯಾರೂ ತರಿಸೋದಿಲ್ಲ. ಈ ಮೇ ತಿಂಗಳಲ್ಲಿ ಹತ್ತು ಜನ ಕೇಳಿದರೆ, ಮುಂದಿನ ಮೇ ತಿಂಗಳಿಗೆ ವರದಿ ಅಂಗಡಿಯ ಮೇಜಿನ ಮೇಲೆ ಇರುತ್ತದೆ.