ತದಡಿಯ ತಕ್ಕಡಿ

ಅಕ್ಕಿ ತೂಗುವಾಗ ತಕ್ಕಡಿಯನ್ನು ಬೆರಳಿನಿಂದ ಒತ್ತುವ ಅಂಗಡಿಯವನನ್ನು ನಾವು ಕಳ್ಳನೆನ್ನುತ್ತೇವೆ. ಅಂಥವರ ಹೆಸರಿನಲ್ಲೇ ಪವಿತ್ರ ಕುರ್‌ಆನಿನಲ್ಲಿ ಒಂದು ಅಧ್ಯಾಯವಿದೆ: ಅಲ್ ಮುತಫ್ಫಿಫೀನ್, ಅಂದರೆ ಅಳತೆ ತೂಕಗಳಲ್ಲಿ ವಂಚಿಸುವವರು. ಆದರೆ ಅದೇ ಬೆರಳು ಅಂಕಿಗಳ ಮೇಲೆ ಕುಳಿತರೆ ಅದಕ್ಕೆ ಅಭಿವೃದ್ಧಿ ಎಂಬ ಹೆಸರು ಬರುತ್ತದೆ.

ಕುಮಟಾ ತಾಲೂಕಿನ ತದಡಿಯಲ್ಲಿ ದೊಡ್ಡ ಬಂದರು ಬೇಕೆಂಬ ಮಾತು ಹಳೆಯದು. ಕಬ್ಬಿಣದ ಅದಿರು ಹೊರಗೆ ಹೋಗಬೇಕು, ಕಲ್ಲಿದ್ದಲು ಒಳಗೆ ಬರಬೇಕು ಎಂಬುದು ಅದರ ಹಿಂದಿನ ಲೆಕ್ಕ. 2000ದ ದಶಕದಲ್ಲಿ ಇಲ್ಲಿಗೇ 4,000 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರವನ್ನೂ ತರಲು ಹೊರಟಿದ್ದರು. ಜನ ಎದ್ದು ನಿಂತರು, ಅದು ಬರಲಿಲ್ಲ. ಬಂದರಿನ ಪರ ವಾದಿಸುವವರ ಕೈಯಲ್ಲಿ ಮಾತ್ರ ಒಂದು ಅಸ್ತ್ರ ಸದಾ ಇರುತ್ತದೆ: ನೀರಿನ ಮೇಲೆ ಸರಕು ಸಾಗಿಸಿದರೆ ಇಂಧನ ಉಳಿಯುತ್ತದೆ.

ಈ ಮಾತು ಸುಳ್ಳಲ್ಲ. ಒಂದು ಲೀಟರ್ ಇಂಧನದಿಂದ ರಸ್ತೆಯಲ್ಲಿ 24, ರೈಲಿನಲ್ಲಿ 85, ಒಳನಾಡಿನ ಜಲಮಾರ್ಗದಲ್ಲಿ 105 ಟನ್-ಕಿಲೋಮೀಟರ್ ಸಾಗಿಸಬಹುದೆಂದು ಸರ್ಕಾರದ ಪ್ರಚಾರದಲ್ಲಿ ಪದೇ ಪದೇ ಓದುತ್ತೇವೆ. ಒಂದು ಟನ್ ಸರಕು ಒಂದು ಕಿಲೋಮೀಟರ್ ಸಾಗಿದರೆ ಅದು ಒಂದು ಟನ್-ಕಿಲೋಮೀಟರ್. ಇದೇ ಘಟಕ ದರ. ದರ ಸರಿಯಿದ್ದ ಮಾತ್ರಕ್ಕೆ ವ್ಯಾಪಾರ ಸರಿಯಿರುತ್ತದೆಯೇ?

ಮೊದಲು ಲಾರಿಯನ್ನೇ ನೋಡೋಣ. 10 ಟನ್ ಹೊತ್ತು 160 ಕಿಲೋಮೀಟರ್ ಹೋಗಲು ಅದು 40 ಲೀಟರ್ ಡೀಸೆಲ್ ಕುಡಿಯಿತೆನ್ನಿ. ಲೀಟರಿಗೆ 40 ಟನ್-ಕಿಲೋಮೀಟರ್! ಭೇಷ್ ಅನ್ನಿಸುತ್ತದೆ. ಆದರೆ ಅದು ಖಾಲಿಯಾಗಿ ಹಿಂದಿರುಗಲು 24 ಲೀಟರ್ ಬೇಕಾಯಿತು. ಒಟ್ಟು 64 ಲೀಟರಿಗೆ ಭಾಗಿಸಿದರೆ ದರ 25ಕ್ಕೆ ಇಳಿಯುತ್ತದೆ. ಬರುವ ದಾರಿಯನ್ನು ಮುಚ್ಚಿಟ್ಟವನು ತಕ್ಕಡಿಗೆ ಬೆರಳಿಟ್ಟವನೇ.

ಈಗ ಬಂದರಿಗೆ ಬರೋಣ. ಅದಿರು ಸಮುದ್ರದಲ್ಲಿ ಹುಟ್ಟುವುದಿಲ್ಲ, ಘಟ್ಟ ಇಳಿದು ಬರಬೇಕು. ಒಂದು ಟನ್ ಅದಿರು 300 ಕಿಲೋಮೀಟರ್ ರಸ್ತೆಯಲ್ಲಿ ಬಂದರೆ ಸರ್ಕಾರದ ದರದಂತೆಯೇ 12.5 ಲೀಟರ್ ಖರ್ಚು. ಬಳಿಕ ಹಡಗಿನಲ್ಲಿ 1,050 ಕಿಲೋಮೀಟರ್ ಹೋಗಲು 10 ಲೀಟರ್. (ದೊಡ್ಡ ಹಡಗಿನ ದರ ಇನ್ನೂ ಉತ್ತಮವಿರುತ್ತದೆ. ಲೆಕ್ಕ ಸುಲಭವಾಗಲೆಂದು 105 ಎಂದೇ ಇಟ್ಟುಕೊಂಡಿದ್ದೇವೆ.) ಇಡೀ ಪ್ರಯಾಣಕ್ಕೆ ಸಿಕ್ಕಿದ್ದು ಲೀಟರಿಗೆ 60, 105 ಅಲ್ಲ.

ಅದೇ ಹಡಗು 10,500 ಕಿಲೋಮೀಟರ್ ಹೋಗಲಿ. ಆಗ ಸರಾಸರಿ 96ಕ್ಕೆ ಏರುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆದರೆ ಒಂದು ಟನ್ನಿಗೆ ಸುಟ್ಟ ಇಂಧನ 22.5 ಲೀಟರಿನಿಂದ 112.5 ಲೀಟರಿಗೆ, ಅಂದರೆ ಐದು ಪಟ್ಟು ಏರಿತು! ದೂರ ಹೋದಷ್ಟೂ ಈ ದರ ಹೊಗಳುತ್ತದೆ, ಅಷ್ಟು ದೂರ ಹೋಗುವ ಅಗತ್ಯವಿತ್ತೇ ಎಂದು ಅದು ಕೇಳುವುದೇ ಇಲ್ಲ.

ಅಘನಾಶಿನಿಯ ಹಿನ್ನೀರಿನಲ್ಲಿ ಬಳಚು ಹೆಕ್ಕಿ ಬುಟ್ಟಿಯಲ್ಲಿಟ್ಟುಕೊಂಡು ಕುಮಟೆಯ ಪೇಟೆಗೆ ಹೋಗುವ ಹೆಣ್ಣುಮಗಳನ್ನು ಈ ದರದಿಂದ ಅಳೆಯಿರಿ. ಟೆಂಪೋದಲ್ಲಿ ಒಂದು ಬುಟ್ಟಿ! ಲೆಕ್ಕದ ಪ್ರಕಾರ ಅವಳು ಇಂಧನ ಪೋಲು ಮಾಡುವವಳು, ಸಾಗರದಾಚೆಯಿಂದ ಕಲ್ಲಿದ್ದಲು ತರುವ ಹಡಗು ಮಿತವ್ಯಯಿ. ಅವಳ ಆಹಾರ ಕೆಲವೇ ಕಿಲೋಮೀಟರ್ ದೂರದಲ್ಲಿ ಬೆಳೆದದ್ದೆಂಬುದು ಯಾವ ಕಾಲಮ್ಮಿನಲ್ಲೂ ಇಲ್ಲ. ಗಜನಿ ಗದ್ದೆಯ ಕಗ್ಗ ಭತ್ತಕ್ಕೂ ಅಲ್ಲಿ ಜಾಗವಿಲ್ಲ. ಈ ಅಳಿವೆಯನ್ನು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿಸಲಾಯಿತು. ಹಾಗೆ ಜಗತ್ತೇ ಬೆಲೆ ಕಟ್ಟಿದ್ದನ್ನು ನಮ್ಮ ಲೆಕ್ಕ ಸೊನ್ನೆ ಎನ್ನುವುದಾದರೆ ತಪ್ಪು ಲೆಕ್ಕದ್ದೇ.

‘ಹಾಗಾದರೆ ಹೆದ್ದಾರಿಯಲ್ಲಿ ಲಾರಿಗಳೇ ಹೊಗೆ ಉಗುಳುತ್ತಿರಲಿ ಎನ್ನುತ್ತೀರಾ?’ ಎಂದು ಕೇಳುವವರಿದ್ದಾರೆ. ಇಲ್ಲ. ನಾವು ಕಡಲ ವ್ಯಾಪಾರದ ವೈರಿಗಳಲ್ಲ. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧ ನಡೆದಾಗ ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟೆಯಿಂದಲೇ ಹಡಗು ಏರಿತ್ತು. ಭಟ್ಕಳದ ನವಾಯತರ ಚರಿತ್ರೆಯೇ ಕಡಲ ವ್ಯಾಪಾರದ ಚರಿತ್ರೆ. ಆದರೆ ಮಂಗಳೂರಿನ ಪಣಂಬೂರಿನಲ್ಲಿ, ಕಾರವಾರದಲ್ಲಿ ಬಂದರುಗಳಿವೆ. ಮನೆ ಮುಂದೆ ಕೊಂಕಣ ರೈಲು ಓಡುತ್ತಿದೆ. ತುಂಬಿದ ಲಾರಿಗಳನ್ನೇ ರೈಲಿನ ಮೇಲೇರಿಸುವ ‘ರೋ-ರೋ’ ಸೇವೆಯನ್ನು ಅದು 1999ರಲ್ಲೇ ಆರಂಭಿಸಿತು. ಅಳಿವೆಯನ್ನು ಅಗೆಯುವ ಮೊದಲು ಇವನ್ನು ಪೂರ್ತಿ ಬಳಸಿಕೊಂಡೆವೇ?

ಅಲ್ಲಿಯೂ ಲೆಕ್ಕ ಪ್ರಾಮಾಣಿಕವಾಗಿರಲಿ. ರೋ-ರೋದಲ್ಲಿ ಸರಕಿನ ಜೊತೆ ಲಾರಿಯ ಸ್ವಂತ ಭಾರವೂ ಸವಾರಿ ಮಾಡುತ್ತದೆ, ಅದನ್ನೂ ಸರಕೆಂದು ತೋರಿಸಿದರೆ ಮೋಸವೇ. 2022ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ತಿ ವಿದ್ಯುದೀಕರಣವಾಯಿತು. ಡೀಸೆಲ್ ಲೀಟರನ್ನೂ ವಿದ್ಯುತ್ ಯೂನಿಟನ್ನೂ ಹೋಲಿಸುವಾಗ, ಉಷ್ಣ ಸ್ಥಾವರದಲ್ಲಿ ಒಂದು ಯೂನಿಟ್ ವಿದ್ಯುತ್ತಿಗಾಗಿ ಸುಮಾರು ಮೂರು ಯೂನಿಟ್ಟಿನಷ್ಟು ಶಾಖ ಸುಡುತ್ತದೆಂಬುದನ್ನೂ ಸೇರಿಸಬೇಕು. ನಮಗೆ ಇಷ್ಟವಾದ ಪಕ್ಷಕ್ಕೆಂದು ಬೆರಳೊತ್ತಿದರೂ ಅದು ವಂಚನೆಯೇ.

ಆದ್ದರಿಂದ ನಾವು ಕೇಳುವುದಿಷ್ಟೆ. ನಾಳೆ ತದಡಿಗೆ ಯಾವ ಹೆಸರಿನ ಯೋಜನೆ ಬಂದರೂ ಜನರ ಮುಂದೆ ಕನ್ನಡದಲ್ಲಿ ಒಂದು ಹಾಳೆ ಇಡಿ. ಅದರಲ್ಲಿ ಗಣಿಯಿಂದ ಗಿರಾಕಿಯವರೆಗಿನ ಇಡೀ ದಾರಿ ಇರಲಿ. ಖಾಲಿ ಮರಳುವ ವಾಹನದ ಇಂಧನ, ಸರಕಿನ ನಿವ್ವಳ ತೂಕ, ಘಟಕ ದರದ ಪಕ್ಕದಲ್ಲೇ ಸುಡುವ ಇಂಧನದ ಒಟ್ಟು ಮೊತ್ತ ಇರಲಿ. ಕೊನೆಯ ಸಾಲಿನಲ್ಲಿ, ಬಳಚು ಹೆಕ್ಕುವವರ ಮತ್ತು ಮೀನುಗಾರರ ಎಷ್ಟು ಮನೆಗಳ ಒಲೆ ಆರುತ್ತದೆಂದು ಬರೆಯಿರಿ. ಆ ಸಾಲನ್ನು ಖಾಲಿ ಬಿಟ್ಟ ಹಾಳೆಗೆ ತದಡಿಯ ಜನ ಸಹಿ ಹಾಕಬೇಕಾಗಿಲ್ಲ.