ಸಹಿ ಹಾಕುವ ಮುನ್ನ

ಹೋಟೆಲಿನ ದುಡಿಮೆ ಬಿಟ್ಟು, ಸಾಲದ ಮೇಲೆ ಕಾರು ಕೊಂಡು ಮುಂಬಯಿಯಲ್ಲಿ ಟ್ಯಾಕ್ಸಿ ಓಡಿಸುವ ಬಂಧುಗಳು ನಮ್ಮಲ್ಲಿದ್ದಾರೆ. ಕಾರು ಕೊಳ್ಳುವ ದಿನ ಷೋರೂಮಿನವರು ಮುಂದಿಡುವ ‘ಎಕ್ಸ್‌ಟೆಂಡೆಡ್ ವಾರಂಟಿ’ಯ ಕಾಗದಕ್ಕೆ ಕಣ್ಣು ಮುಚ್ಚಿ ಸಹಿ ಹಾಕಬಾರದೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಕೇಳದ ಹಪ್ಪಳವನ್ನು ಬಿಲ್ಲಿಗೆ ಸೇರಿಸಿದರೆ ಗಿರಾಕಿ ಗಲ್ಲಾದ ಮುಂದೆ ಜಗಳ ತೆಗೆಯುತ್ತಾನೆ. ಇಲ್ಲಿ ಸಾವಿರಾರು ರೂಪಾಯಿ ಸೇರಿಸಿದರೂ ನಾವು ಸುಮ್ಮನಿರುತ್ತೇವೆ!

ಇಂಜಿನ್ನು, ಗೇರ್‌ಬಾಕ್ಸು ಕೆಟ್ಟರೆ ಕಂತು ಕಟ್ಟುವುದು ಹೇಗೆಂಬ ಭಯ ಸುಳ್ಳಲ್ಲ. ಆದರೆ ಈ ವಾರಂಟಿ ಆರಂಭವಾಗುವುದೇ ಕಂಪೆನಿಯ ಮೂಲ ವಾರಂಟಿ ಮುಗಿದ ಮೇಲೆ. ಅದರ ಹಣವನ್ನು ಸಾಲಕ್ಕೆ ಸೇರಿಸಿದರೆ ಬಡ್ಡಿ ಮಾತ್ರ ಮೊದಲ ತಿಂಗಳಿಂದಲೇ ಓಡುತ್ತದೆ. ಮೂಲ ವಾರಂಟಿ ಮುಗಿಯುವುದರೊಳಗೆ ಕೊಳ್ಳಲು ಸಾಮಾನ್ಯವಾಗಿ ಅವಕಾಶವಿರುವಾಗ ಅವಸರವೇಕೆ? ಬ್ರೇಕಿನ ಪ್ಯಾಡು, ಕ್ಲಚ್ಚಿನ ಪ್ಲೇಟು, ಟೈರು ಮೊದಲಾದ ಸವೆಯುವ ಭಾಗಗಳು ಇದರಲ್ಲಿ ಸೇರುವುದು ಅಪರೂಪ. ಟ್ಯಾಕ್ಸಿಯವನ ಕಿಸೆ ಖಾಲಿ ಮಾಡುವುದು ಅವೇ. ಹೊರಗಿನ ಗ್ಯಾರೇಜಿನಲ್ಲಿ ಸರ್ವಿಸು ಮಾಡಿಸಿದರೆ ಹಕ್ಕೇ ತಪ್ಪಬಹುದು.

ಎಲ್ಲಕ್ಕಿಂತ ಮುಖ್ಯವಾಗಿ ಕೇಳಬೇಕಾದದ್ದು: ಹಳದಿ ನಂಬರು ಪ್ಲೇಟಿನ ಬಾಡಿಗೆ ಗಾಡಿಗೆ ಇದು ಅನ್ವಯಿಸುತ್ತದೆಯೇ? ಎಷ್ಟು ಕಿಲೋಮೀಟರಿನವರೆಗೆ? ದಿನವಿಡೀ ಓಡುವ ಗಾಡಿಗೆ ವರ್ಷಕ್ಕಿಂತ ಮೊದಲು ಕಿಲೋಮೀಟರೇ ಮುಗಿಯುತ್ತದೆ. ಬಾಯಿಮಾತು ಬೇಡ, ಉತ್ತರ ಬರಹದಲ್ಲಿರಲಿ.

ಕೊಟ್ಟ ಮಾತಿಗೆ ತಪ್ಪಿದರೆ ಕಾನೂನಿದೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಗಾಡಿ ಕೊಂಡವನೂ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಗ್ರಾಹಕನೇ. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು.

ಇಂಗ್ಲಿಷ್ ಕಾಗದ ಅರ್ಥವಾಗದವರು ಸಹಿ ಹಾಕುವ ಮೊದಲೇ ಅದನ್ನು ಸಂಘದ ಕಚೇರಿಗೆ ತರಲಿ. ಕುಳಿತು ಓದಿ ಹೇಳುತ್ತೇವೆ.