ಪ್ರಸಾದ ನಿಲಯದಲ್ಲಿ ನೀರಿಗೂ ಲೆಕ್ಕವಿರಲಿ

ನಮ್ಮ ಮಠಗಳ ಪ್ರಸಾದ ನಿಲಯಗಳಲ್ಲಿ ಒಂದು ಅಗುಳು ಚೆಲ್ಲಿದರೂ ಮಕ್ಕಳಿಗೆ ಬುದ್ಧಿ ಹೇಳುವವರಿದ್ದಾರೆ. ಉಂಡ ತಟ್ಟೆ ತೊಳೆದು ಆ ನೀರನ್ನೂ ಕುಡಿಯುವ ಹಿರಿಯರನ್ನು ನೋಡುತ್ತ ಬೆಳೆದವರು ನಾವು. ಆದರೆ ತಟ್ಟೆ ತೊಳೆಯುವ ಜಾಗದಲ್ಲೇ ನಲ್ಲಿ ಸೋರುತ್ತಿದ್ದರೆ ಕೇಳುವವರಿಲ್ಲ. ಪಾದೋದಕವನ್ನು ಅಷ್ಟಾವರಣದಲ್ಲಿ ಇಟ್ಟುಕೊಂಡ ಧರ್ಮಕ್ಕೆ ಇದು ಒಪ್ಪುವ ನಡೆಯೇ?

ಮಾರ್ಚ್ 22ರಂದು ವಿಶ್ವ ಜಲ ದಿನದ ಭಾಷಣ, ಪ್ರಬಂಧ ಸ್ಪರ್ಧೆ ಎಲ್ಲವೂ ನಡೆಯುತ್ತವೆ. ನೀರು ಸರಬರಾಜಿನ ಕೆಲಸದಲ್ಲೇ ನೌಕರಿ ಮುಗಿಸಿದ ನನಗೆ ಅವುಗಳ ಮೇಲೆ ಅಷ್ಟಾಗಿ ಭರವಸೆಯಿಲ್ಲ. ತಾನು ದಿನಕ್ಕೆ ಎಷ್ಟು ನೀರು ಬಳಸುತ್ತೇನೆಂಬುದೇ ಗೊತ್ತಿಲ್ಲದ ಮಗು ಯಾವುದರಲ್ಲಿ ಉಳಿಸಬೇಕು? ಬಾವಿಯಿಂದ ಸೇದಿ ತರುವ ಕಾಲದಲ್ಲಿ ಎಷ್ಟು ಕೊಡ ಎಂಬುದು ತಾಯಂದಿರ ಸೊಂಟಕ್ಕೇ ಗೊತ್ತಿರುತ್ತಿತ್ತು. ನಲ್ಲಿ ಬಂದು ಆ ಲೆಕ್ಕ ತಪ್ಪಿತು.

ಮತ್ತೆ ಲೆಕ್ಕ ಕಲಿಸಲು 15 ಲೀಟರ್‌ನ ಬಕೆಟ್, ಗಡಿಯಾರ ಮತ್ತು ಒಂದು ನೋಟ್‌ಬುಕ್ ಸಾಕು. ಬಕೆಟ್ ತುಂಬಲು ಒಂದೂವರೆ ನಿಮಿಷ ಹಿಡಿದರೆ ಆ ನಲ್ಲಿ ನಿಮಿಷಕ್ಕೆ 10 ಲೀಟರ್ ಕೊಡುತ್ತದೆ. ಅದನ್ನು ತೆರೆದಿಟ್ಟು ಮೂರು ನಿಮಿಷ ಹಲ್ಲುಜ್ಜಿದರೆ 30 ಲೀಟರ್ ಹೋಯಿತು. ನಮ್ಮಲ್ಲಿ ‘ಮನೆ ಮನೆಗೆ ಗಂಗೆ’ ಎಂದು ಕರೆಯುವ ಜಲ ಜೀವನ್ ಮಿಷನ್ ಹಳ್ಳಿಯಲ್ಲಿ ಒಬ್ಬರಿಗೆ ಇಡೀ ದಿನಕ್ಕೆ ಇಟ್ಟ ಅಳತೆ 55 ಲೀಟರ್. ಇದನ್ನು ಮಾಸ್ತರು ಹೇಳಬಾರದು, ಹುಡುಗನೇ ಗುಣಿಸಿ ನೋಡಬೇಕು. ಸೋರುವ ನಲ್ಲಿಯ ಕೆಳಗೆ ಕಾಲು ಲೀಟರಿನ ಲೋಟ ಇಡಿಸಿ. ಐದು ನಿಮಿಷಕ್ಕೆ ತುಂಬಿದರೆ ದಿನಕ್ಕೆ 72 ಲೀಟರ್, ಅಂದರೆ ಒಬ್ಬ ಮನುಷ್ಯನ ಪಾಲಿಗಿಂತ ಹೆಚ್ಚು.

ಇಲ್ಲೊಂದು ತೊಡಕಿದೆ. ಲೆಕ್ಕ ಕಲಿತ ಮಕ್ಕಳು ನಮ್ಮನ್ನೂ ಕೇಳುತ್ತಾರೆ. ಮೇಲಿನ ಟ್ಯಾಂಕ್ ತುಂಬಿ ಹರಿಯುತ್ತಿದ್ದರೂ ಮೋಟಾರು ಯಾಕೆ ನಿಲ್ಲಿಸಲಿಲ್ಲ, ಕೆಟ್ಟ ವಾಲ್ವ್ ಯಾಕೆ ಬದಲಿಸಲಿಲ್ಲ ಎಂದು. ವ್ಯವಸ್ಥಾಪಕರು ಸಿಟ್ಟಾಗದೆ ಉತ್ತರಿಸಬೇಕು. ಆಯ್ದು ತಂದ ಅಕ್ಕಿ ಹೆಚ್ಚಾಯಿತೆಂದು ಗಂಡನನ್ನೇ ಪ್ರಶ್ನಿಸಿ, ಹೆಚ್ಚಿದ್ದನ್ನು ಹಿಂದಿರುಗಿಸಿ ಬರಲು ಕಳಿಸಿದ ಆಯ್ದಕ್ಕಿ ಲಕ್ಕಮ್ಮನವರ ಕಥೆ ಹೇಳುವ ನಾವು, ಮಕ್ಕಳ ಪ್ರಶ್ನೆಯನ್ನು ಅಧಿಕಪ್ರಸಂಗ ಎನ್ನುವುದು ಸರಿಯಲ್ಲ.

ಇನ್ನೊಂದು ಮಾತು ಒತ್ತಿ ಹೇಳಬೇಕು. ಈ ಲೆಕ್ಕ ಕುಡಿಯುವ ನೀರಿಗೆ ಬೇಡ. ಶೌಚಾಲಯ ಸರಿಯಿಲ್ಲದ ಶಾಲೆಗಳಲ್ಲಿ ಹೆಣ್ಣುಮಕ್ಕಳು ಸಂಜೆಯವರೆಗೂ ನೀರು ಕುಡಿಯದೆ ಇರುತ್ತಾರೆ. ಅದನ್ನು ಉಳಿತಾಯವೆಂದು ಹೊಗಳಿದರೆ ಪಾಪ. ಕೇರಳದ ಶಾಲೆಗಳಲ್ಲಿ ನೀರು ಕುಡಿಯಲೆಂದೇ ಗಂಟೆ ಬಾರಿಸುವ ಪದ್ಧತಿ ತಂದರು. ನಮ್ಮ ಶಾಲೆಗಳಲ್ಲೂ ಆ ಗಂಟೆ ಬಾರಿಸಲಿ, ಜೊತೆಗೆ ಶೌಚಾಲಯದ ನಲ್ಲಿಯಲ್ಲಿ ನೀರೂ ಬರಲಿ. ಉಳಿಸಿದ ನೀರು ಮೊದಲು ಅಲ್ಲಿಗೆ ಹೋಗಬೇಕು.

ತಿಂಗಳ ಶಿವಾನುಭವ ಗೋಷ್ಠಿಯಲ್ಲಿ ಐದು ನಿಮಿಷ ಮಕ್ಕಳು ತಮ್ಮ ಲೆಕ್ಕ ಓದಲಿ, ಪೂಜ್ಯರೂ ಕೇಳಲಿ. ಮುಂದಿನ ಗೋಷ್ಠಿಯೊಳಗೆ ಯಾವ ನಲ್ಲಿ ದುರಸ್ತಿಯಾಯಿತು ಎಂದು ವ್ಯವಸ್ಥಾಪಕರು ಹೇಳಲಿ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮೇಶ್ವರರ ಜಯಂತಿ ಜನವರಿಯಲ್ಲಿ ಬರುತ್ತದೆ. ಅಂದೇ ಶುರುಮಾಡಿದರೆ ಕೊಳವೆಬಾವಿಗಳು ಕೈಕೊಡುವ ಏಪ್ರಿಲ್ ಹೊತ್ತಿಗೆ ಮೂರು ತಿಂಗಳ ಲೆಕ್ಕ ಮಕ್ಕಳ ಕೈಯಲ್ಲಿರುತ್ತದೆ.